ಚೀಲ ತಿರುಗಿಸಿ ತೋರಿಸಿ

ಚಳಿಗಾಲ ಬಂತೆಂದು ಕಪಾಟಿನ ಮೇಲಿನಿಂದ ಕಂಬಳಿಗಳನ್ನು ಇಳಿಸುತ್ತಿದ್ದೆ. ಅವುಗಳ ನಡುವಿನಿಂದ ಒಂದು ಬಟ್ಟೆಯ ಚೀಲ ಜಾರಿ ನೆತ್ತಿಯ ಮೇಲೆ ಬಿತ್ತು. ಹಗುರವಾದದ್ದೇನಲ್ಲ, ಒಳಗೆ ತೊಂಬತ್ತು ಮರದ ಬಿಲ್ಲೆಗಳಿವೆ. ಸರಿಯಾಗಿ ಹೇಳಬೇಕೆಂದರೆ ಎಂಬತ್ತೊಂಬತ್ತು ಬಿಲ್ಲೆ ಮತ್ತು ಒಂದು ಕೋಟಿನ ಗುಂಡಿ. ನಲವತ್ತೇಳನೆಯ ಬಿಲ್ಲೆ ನಾನು ಹುಟ್ಟುವ ಮೊದಲೇ ಎಲ್ಲೋ ಕಳೆದುಹೋಗಿತ್ತು. ಅದರ ಜಾಗಕ್ಕೆ ನನ್ನ ಅಜ್ಜಿ ಅಜ್ಜನ ಮದುವೆಯ ಕೋಟಿನಿಂದ ಒಂದು ಕಪ್ಪು ಗುಂಡಿ ಕಿತ್ತು ಹಾಕಿದ್ದಳಂತೆ. ಆಮೇಲೆ ಅಜ್ಜ ಯಾರ ಮದುವೆಗೆ ಹೋದರೂ ಕೋಟಿನ ಎದೆ ತೆರೆದುಕೊಂಡೇ ಹೋಗುತ್ತಿದ್ದರು.

ನೆತ್ತಿ ಸವರಿಕೊಂಡು ಚೀಲವನ್ನು ಕೈಗೆತ್ತಿಕೊಂಡೆ. ಹೊಟ್ಟೆಯಲ್ಲಿ ಹಳೆಯ ಉರಿ ಎದ್ದಿತು. ನನ್ನ ಗಂಡ ರಿಚರ್ಡ್ ಇದನ್ನು ಗ್ಯಾಸ್ಟ್ರಿಕ್ ಎನ್ನುತ್ತಾನೆ, ಮಾತ್ರೆಯನ್ನೂ ಕೊಡುತ್ತಾನೆ. ಇದರ ನಿಜವಾದ ಹೆಸರು ಸುಮಿತ್ರಾ ಎಂದು ನನಗೊಬ್ಬಳಿಗೇ ಗೊತ್ತು.

ನಿಮ್ಮಲ್ಲಿ ಒಮ್ಮೆಯೂ ಹೊಟ್ಟೆಕಿಚ್ಚು ಪಡದವರು ಯಾರಾದರೂ ಇದ್ದರೆ ದಯವಿಟ್ಟು ಓದುವುದನ್ನು ಇಲ್ಲಿಗೇ ನಿಲ್ಲಿಸಿ. ನಿಮ್ಮನ್ನು ಕಂಡು ನನಗೆ ಇನ್ನಷ್ಟು ಉರಿದೀತು. ನಾನಂತೂ ಎಳವೆಯಿಂದಲೇ ಇದರಲ್ಲಿ ಪಳಗಿದವಳು. ದೊಡ್ಡಪ್ಪನ ಮಗಳು ಗೇರುಮರದಿಂದ ಬಿದ್ದು ಕೈ ಮುರಿದುಕೊಂಡಾಗ ಅವಳಿಗೆ ಬಿಳಿ ಪ್ಲಾಸ್ಟರ್, ಗ್ಲೂಕೋಸ್ ಬಿಸ್ಕತ್ತು, ಶಾಲೆಗೆ ರಜೆ ಎಲ್ಲ ಸಿಕ್ಕಿದ್ದವು. ನನ್ನ ಕೈ ಯಾಕೆ ಮುರಿಯಲಿಲ್ಲ ಎಂದು ನಾನು ಅಡುಗೆಮನೆಯ ಹಿಂದೆ ನಿಂತು ಅತ್ತಿದ್ದೆ. ಅಜ್ಜಿ ಬಂದು ನನ್ನ ಎರಡೂ ಕೈಗೆ ಹಳೆಯ ಸೀರೆಯ ಪಟ್ಟಿ ಸುತ್ತಿ ಒಂದು ಬಿಸ್ಕತ್ತು ಕೊಟ್ಟಳು.

ಈ ಚೀಲ ಅದೇ ಅಜ್ಜಿಯದು. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು, ಹಂದಿಮಾಂಸದ ಊಟ ಮಾಡಿ, ಜಗಲಿಯಲ್ಲಿ ಹೌಸಿ ಆಡುವುದು ನಮ್ಮ ಮನೆಯ ಕ್ರಮ. ಗೊತ್ತಿಲ್ಲದವರಿಗೆ ಹೇಳುವುದಾದರೆ ಆಟ ಬಹಳ ಸರಳ. ಒಬ್ಬರು ಚೀಲಕ್ಕೆ ಕೈ ಹಾಕಿ ಬಿಲ್ಲೆ ತೆಗೆದು ಅಂಕಿ ಕೂಗುವುದು, ಉಳಿದವರು ತಮ್ಮ ಟಿಕೆಟಿನಲ್ಲಿ ಆ ಅಂಕಿಯಿದ್ದರೆ ಅದರ ಮೇಲೊಂದು ಹುಣಸೆಬೀಜ ಇಡುವುದು. ಟಿಕೆಟ್ ಪೂರ್ತಿ ತುಂಬಿದವರಿಗೆ ಬಹುಮಾನ. ಬುದ್ಧಿ ಏನೂ ಬೇಡ, ಹಾಗಾಗಿ ಅನುಮಾನ ಜಾಸ್ತಿ. ಅದಕ್ಕೇ ಅಜ್ಜಿ ಆಟಕ್ಕೆ ಮೊದಲು ಬಿಲ್ಲೆಗಳನ್ನು ಚಾಪೆಯ ಮೇಲೆ ಸುರಿದು, ಚೀಲವನ್ನು ಒಳಮೈ ಹೊರಗೆ ಮಾಡಿ, ಎರಡು ಸಲ ಝಾಡಿಸಿ ತೋರಿಸಬೇಕು. ಬಿಲ್ಲೆಗಳನ್ನು ಒಳಗೆ ತುಂಬುವುದು ಎಲ್ಲರಿಗಿಂತ ಹೆಚ್ಚು ಅನುಮಾನವಿದ್ದವರ ಹಕ್ಕು. ಯಾರಿಗಾದರೂ ಸಮಾಧಾನವಾಗದಿದ್ದರೆ ತಮ್ಮ ಟಿಕೆಟನ್ನು ಕವುಚಿ ಇಡುತ್ತಿದ್ದರು. ಕವುಚಿದ ಟಿಕೆಟ್ ಇರುವಷ್ಟು ಹೊತ್ತು ಮುಂದಿನ ಅಂಕಿ ಕೂಗುವಂತಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಕುವೈತಿಗೆ ಹೊರಟಾಗ ಅಜ್ಜಿ ಈ ಚೀಲವನ್ನು ನನ್ನ ಪೆಟ್ಟಿಗೆಯೊಳಗೆ ಹಾಕಿದಳು. ಕುವೈತಿನ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆದವನು ಬಿಲ್ಲೆಗಳನ್ನು ಮೇಜಿನ ಮೇಲೆ ಸುರಿದು "ಶಿನು ಹಾದಾ?" ಎಂದ. ಏನಿದು ಎಂದು ಕೇಳುತ್ತಿದ್ದಾನೆಂದು ಅವನ ಹುಬ್ಬಿನಿಂದಲೇ ತಿಳಿಯಿತು. ನಾನು ಗಾಬರಿಯಲ್ಲಿ "ಬೇಬಿ, ಸ್ಕೂಲ್, ಒನ್ ಟೂ ತ್ರೀ" ಎಂದೆ. ಅವನು ಮೊನ್ನೆಮೊನ್ನೆ ಮದುವೆಯಾದ ನನ್ನ ಕೈಯ ಬಳೆಗಳನ್ನೂ ಬಿಲ್ಲೆಗಳನ್ನೂ ನೋಡಿ, "ಯಲ್ಲಾ" ಎಂದು ಕಳಿಸಿಬಿಟ್ಟ.

ರಿಚರ್ಡನಿಗೆ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಕೆಲಸ, ನನಗೆ ವಾಹನದ ಬಿಡಿಭಾಗ ಮಾರುವವರ ಆಫೀಸಿನ ಕಂಪ್ಯೂಟರಿನ ಮುಂದೆ. ಮನೆ ಮೈದಾನ್ ಹವಲ್ಲಿಯಲ್ಲಿ, ಈಗಲೂ ಅದೇ ಮನೆ. ಕರಾವಳಿಯವರ ಒಂದು ಸಂಘವಿತ್ತು. ಕೊಂಕಣಿಯವರು, ತುಳುವಿನವರು ಎಲ್ಲ ಸೇರಿ, ಇಲ್ಲಿ ವಾರದ ರಜೆಯಾದ ಶುಕ್ರವಾರ ಯಾವುದಾದರೂ ಹಾಲ್ ಹಿಡಿದು ಹಬ್ಬ ಮಾಡುವುದು. ಹಬ್ಬ ಪಂಚಾಂಗದಲ್ಲಿ ಯಾವ ವಾರಕ್ಕೆ ಬಿದ್ದರೂ ನಮಗೆ ಶುಕ್ರವಾರವೇ ಬರುತ್ತಿತ್ತು. ಊಟದ ನಂತರ ಹೌಸಿ, ಬಹುಮಾನಕ್ಕೆ ಮಿಕ್ಸಿ, ಕುಕ್ಕರ್, ದೊಡ್ಡ ಡಬ್ಬದ ಹಾಲಿನ ಪುಡಿ. ಚೀಲ ನನ್ನದಾದ್ದರಿಂದ ಅಂಕಿ ತೆಗೆಯುವವಳು ನಾನೇ. ಚೀಲಕ್ಕೆ ಕೈ ಹಾಕಿ ಅನುಮಾನ ತೀರಿಸಿಕೊಳ್ಳುತ್ತಿದ್ದವರು ರುಮೈಥಿಯಾದಿಂದ ಬರುತ್ತಿದ್ದ ಸೆವ್ರಿನ್ ಬಾಯಿ. ಆಸ್ಪತ್ರೆಯಲ್ಲಿ ಹಿರಿಯ ನರ್ಸ್ ಆಗಿದ್ದವರು. ರೋಗಿಯ ಜ್ವರವನ್ನೂ ಎರಡು ಥರ್ಮಾಮೀಟರ್ ಇಟ್ಟು ನೋಡದೆ ನಂಬದವರು ಎಂದು ಅವರ ಜೊತೆ ಕೆಲಸ ಮಾಡಿದವರು ಹೇಳುತ್ತಿದ್ದರು.

"ಚೀಲ ತಿರುಗಿಸಿ ತೋರ್ಸು ಬಾಯೆ" ಎನ್ನುತ್ತಿದ್ದರು, ನನ್ನನ್ನು ಮಗಳಂತೆ ಮಾತನಾಡಿಸುತ್ತ, ಕಳ್ಳಿಯಂತೆ ನೋಡುತ್ತ.

ಆ ದಿನಗಳಲ್ಲೇ ನನಗೆ ಮುಕ್ತ ತಂತ್ರಾಂಶದ ಹುಚ್ಚು ಹಿಡಿದದ್ದು. ಊರಿಗೆ ಹೋಗಿದ್ದಾಗ ತಂದ ಕಂಪ್ಯೂಟರ್ ಪತ್ರಿಕೆಯ ಜೊತೆ ಒಂದು ಸಿಡಿ ಅಂಟಿಸಿದ್ದರು. ಅದರಲ್ಲಿದ್ದ ತಂತ್ರಾಂಶಗಳನ್ನು ಯಾರು ಬೇಕಾದರೂ ಬಳಸಬಹುದು, ಒಳಗೆ ಹೇಗೆ ಬರೆದಿದ್ದಾರೆಂದು ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಒಂದೇ ಷರತ್ತು: ತಿದ್ದಿ ಹಂಚುವವರು ತಾವು ತಿದ್ದಿದ್ದನ್ನೂ ಮುಚ್ಚಿಡಬಾರದು. ಓದಿ ನನಗೆ ರೋಮಾಂಚನವಾಯಿತು. ಇದು ನನ್ನ ಅಜ್ಜಿಯ ಜಗಲಿಯ ಕಾನೂನೇ ಅಲ್ಲವೆ, ಚೀಲ ತಿರುಗಿಸಿ ತೋರಿಸಿ ಆಮೇಲೆ ಆಡುವುದು.

ಕಂಡವರಿಗೆಲ್ಲ ಉಪದೇಶ ಶುರು ಮಾಡಿದೆ. ಸಂಘದಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಳ್ಳಪ್ರತಿಯ ಸಿಡಿ ಬೀದಿಯಲ್ಲಿ ಚಹಾದ ಬೆಲೆಗೆ ಸಿಗುವಾಗ ನಿನ್ನ ಸ್ವಾತಂತ್ರ್ಯ ಯಾರಿಗೆ ಬೇಕು ಎಂದರು. ಇದು ಪುಕ್ಕಟೆಯ ಮಾತಲ್ಲ, ಬೀಗ ಇಲ್ಲದಿರುವ ಮಾತು ಎಂದು ನಾನು ವಾದಿಸುತ್ತಿದ್ದೆ. ರಿಚರ್ಡ್ ಮಾತ್ರ ಗಂಭೀರವಾಗಿ ತಲೆ ಆಡಿಸುತ್ತಿದ್ದ. ಅವನು ಮನೆಯ ಬೀಗದ ಕೈಯನ್ನೇ ವಾರಕ್ಕೊಮ್ಮೆ ಕಳೆದುಕೊಳ್ಳುವವನು, ಬೀಗವಿಲ್ಲದ ಲೋಕ ಅವನಿಗೆ ಹಿತವೆನಿಸಿರಬೇಕು.

ಸಂಘ ಬೆಳೆಯಿತು. ಊರಿನಿಂದ ತರಿಸುತ್ತಿದ್ದ ಟಿಕೆಟ್ ಪುಸ್ತಕಗಳಲ್ಲಿ ಒಂದೇ ಟಿಕೆಟ್ ಇಬ್ಬರಿಗೆ ಸಿಕ್ಕಿ, ಒಂದು ಮಿಕ್ಸಿಗೆ ಎರಡು ಸಂಸಾರ ಕಚ್ಚಾಡಿದ ಮೇಲೆ ನಾನು ಒಂದು ಪ್ರೋಗ್ರಾಂ ಬರೆಯಲು ಕುಳಿತೆ. ಟಿಕೆಟನ್ನೂ ಅದೇ ಮುದ್ರಿಸಬೇಕು, ಅಂಕಿಯನ್ನೂ ಅದೇ ತೆಗೆಯಬೇಕು. ಹೆಸರು 'ಚೀಲ'. ಶುಕ್ರವಾರ ಇಗರ್ಜಿಯಿಂದ ಬಂದ ಕೂಡಲೇ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಆಗಷ್ಟೇ ಮಾತು ಕಲಿಯುತ್ತಿದ್ದ ನನ್ನ ಮಗಳು ಅನಿಶಾ ಬಂದು ಮೊಣಕಾಲು ಹಿಡಿದು ಏನಾದರೂ ಹೇಳಲು ಬಾಯಿ ತೆರೆದರೆ "ಶ್, ಮಮ್ಮಿ ಕೆಲಸದಲ್ಲಿದ್ದಾಳೆ" ಎನ್ನುತ್ತಿದ್ದೆ. ಒಳ್ಳೆಯ ಮಗು, ಬೇಗ ಸುಮ್ಮನಿರಲು ಕಲಿತಳು.

ಮೊದಲ ಪ್ರಯೋಗದ ದಿನ ಸೆವ್ರಿನ್ ಬಾಯಿ ಕಂಪ್ಯೂಟರಿನ ಸುತ್ತ ಒಂದು ಸುತ್ತು ಬಂದರು.

"ಚೀಲ ಎಲ್ಲುಂಟು?"

"ಇದರೊಳಗೆ ಉಂಟು ಬಾಯಿ."

"ಹಾಗಾದ್ರೆ ತಿರುಗಿಸಿ ತೋರ್ಸು."

ಅವರು ಟಿಕೆಟ್ ಕವುಚಿ ಕೂತರು. ಆ ದಿನ ಬಟ್ಟೆಯ ಚೀಲದಲ್ಲೇ ಆಡಿದೆವು. ಮುಂದಿನ ಸಲ ನಾನು ಪ್ರೋಗ್ರಾಮಿನ ಎಲ್ಲ ಸಾಲುಗಳನ್ನೂ ಕಾಗದಕ್ಕೆ ಇಳಿಸಿ ಹಾಲಿನ ಗೋಡೆಗೆ ಅಂಟಿಸಿದೆ. ಸೆವ್ರಿನ್ ಬಾಯಿ ಕನ್ನಡಕ ಹಾಕಿಕೊಂಡು ಸಾಲುಸಾಲಾಗಿ ಬೆರಳಾಡಿಸುತ್ತ ಹೋದರು. ಅವರಿಗೆ ಒಂದಕ್ಷರ ಅರ್ಥವಾಗಿರಲಿಕ್ಕಿಲ್ಲ. ಒಂದು ಕಡೆ ನಿಂತು, "ಹಾಂ, ಇಲ್ಲಿ ತೊಂಬತ್ತು ಅಂತ ಉಂಟು. ಆಯ್ತು, ಆಡುವ" ಎಂದರು. ಆಡುವವರಿಗೆ ಅರ್ಥವಾಗುವುದು ಮುಖ್ಯವಲ್ಲ, ನೋಡಬೇಕೆಂದಾಗ ನೋಡಲು ಸಿಗುವುದು ಮುಖ್ಯ ಎಂದು ನಾನು ಅವತ್ತು ಮೈಕ್ ಹಿಡಿದು ಭಾಷಣ ಮಾಡಿದೆ. ಬೇಕಾದವರು ತೆಗೆದುಕೊಳ್ಳಿ, ನನ್ನನ್ನು ಕೇಳುವುದೂ ಬೇಡ ಎಂದೆ.

ಭಾಷಣ ಕೇಳಿಸಿಕೊಂಡವರು ಇಡೀ ಹಾಲಿನಲ್ಲಿ ಒಬ್ಬಳೇ. ಕಾರ್ಕಳದ ಕಡೆಯ ಸುಮಿತ್ರಾ, ಕುವೈತಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಗಂಡನ ವೀಸಾದ ಮೇಲೆ ಬಂದವಳು, ಕಂಪ್ಯೂಟರ್ ಕಲಿತಿದ್ದಾಳೆ, ಕೆಲಸವಿಲ್ಲ, ಸೊಂಟದ ಮೇಲೊಂದು ಕೈಗೂಸು. ಅವಳಿಗೆ ಕೊಂಕಣಿ ಬಾರದು, ನನ್ನ ತುಳು ಮೀನು ಕೊಳ್ಳುವಷ್ಟಕ್ಕೆ ಮಾತ್ರ. ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡ.

"ಅಕ್ಕ, ನಾನು ಸ್ವಲ್ಪ ತಿದ್ದಿ ನೋಡ್ಬಹುದಾ?"

"ನೋಡ್ಬಹುದಾ ಅಂತ ಕೇಳುದೇ ತಪ್ಪು" ಎಂದು ನಾನು ಧಾರಾಳವಾಗಿ ನಕ್ಕೆ. ಅಷ್ಟು ಧಾರಾಳವಾಗಿ ಆಮೇಲೆ ನಕ್ಕ ನೆನಪಿಲ್ಲ.

ಮುಂದಿನ ಹಬ್ಬಕ್ಕೆ ಅವಳು ತಂದ 'ಚೀಲ' ನನ್ನದೇ ಆಗಿತ್ತು, ನನ್ನದಾಗಿರಲೂ ಇಲ್ಲ. ಗೋಡೆಯ ತುಂಬ ಅಂಕಿ ದೊಡ್ಡದಾಗಿ ಮೂಡುತ್ತಿತ್ತು, ಬಿಲ್ಲೆ ಉರುಳಿ ಬಂದು ನಿಂತಂತೆ ಕಾಣುತ್ತಿತ್ತು. ಮೇಲಾಗಿ ಅದು ಮಾತನಾಡುತ್ತಿತ್ತು. ಸುಮಿತ್ರಾ ತೊಂಬತ್ತು ಅಂಕಿಗಳನ್ನೂ ತನ್ನ ಧ್ವನಿಯಲ್ಲಿ ಕನ್ನಡದಲ್ಲಿ, ತುಳುವಿನಲ್ಲಿ, ಸೆವ್ರಿನ್ ಬಾಯಿಯ ಹತ್ತಿರ ಕಲಿತು ಕೊಂಕಣಿಯಲ್ಲಿ ಹೇಳಿ ಸೇರಿಸಿದ್ದಳು. ಕೊಂಕಣಿ ನನ್ನ ಮನೆಯ ಭಾಷೆ. ಅದಕ್ಕೂ ನನ್ನನ್ನು ಕೇಳಲಿಲ್ಲ. ಕೇಳುವುದು ಬೇಡವೆಂದು ಮೈಕಿನಲ್ಲಿ ಹೇಳಿದವಳು ನಾನೇ.

ಅವಳ ಧ್ವನಿಯೋ, ಹೇಳುವುದೇ ಬೇಡ. ಇಪ್ಪತ್ತೆರಡು ಎಂದರೆ ಯಾರೋ ಮದುವೆಗೆ ಕರೆದಂತಿರುತ್ತಿತ್ತು. ಅನಿಶಾ ಬಾಯಿ ತೆರೆದುಕೊಂಡು ಕೇಳಿ "ಆಂಟಿ ಈಸ್ ಇನ್‌ಸೈಡ್ ದ ಕಂಪ್ಯೂಟರ್?" ಎಂದಳು. ನನಗೆ ಕಂಡ ದೋಷ ಒಂದೇ: ಅರುವತ್ತಮೂರು ಎನ್ನುವಾಗ ಹಿಂದಿನಿಂದ ಅವಳ ಮಗುವಿನ ಅಳು ಕೇಳುತ್ತಿತ್ತು. ದಾರಿಯುದ್ದಕ್ಕೂ ರಿಚರ್ಡನಿಗೆ ಅದನ್ನೇ ಹೇಳಿದೆ. ಎಷ್ಟು ಬೇಜವಾಬ್ದಾರಿ, ಒಂದು ಅಂಕಿಯನ್ನು ಮಗು ಮಲಗಿದ ಮೇಲೆ ಹೇಳಲಾಗುತ್ತಿರಲಿಲ್ಲವೆ. ರಿಚರ್ಡ್ ಕಾರು ಓಡಿಸುತ್ತ "ನಂಗೆ ಅದೇ ಚಂದ ಕಂಡಿತು ಗ್ಲಾಡಿ" ಎಂದ. ಮನೆ ತಲುಪುವವರೆಗೆ ನಾನು ಕಿಟಕಿಯಾಚೆಯ ದೀಪದ ಕಂಬಗಳನ್ನು ಎಣಿಸಿದೆ.

ಅವಳು ಕದ್ದಿದ್ದರೆ ಬೈಯಬಹುದಿತ್ತು. ಆ ಸುಖವೂ ನನಗೆ ಸಿಗಲಿಲ್ಲ. ತಿದ್ದಿದ್ದನ್ನೆಲ್ಲ ಒಂದು ಸಿಡಿಗೆ ಹಾಕಿ, ಮನೆಗೇ ಬಂದು ಕೊಟ್ಟಳು. ಜೊತೆಗೆ ಡಬ್ಬಿಯಲ್ಲಿ ಪತ್ರೊಡೆ. ಕೆಸುವಿನ ಎಲೆಯನ್ನು ಕುವೈತಿನಲ್ಲಿ ಎಲ್ಲಿಂದ ಹುಡುಕಿದಳೋ, ನನಗೆ ಇಷ್ಟು ವರ್ಷದಲ್ಲಿ ಸಿಕ್ಕಿರಲಿಲ್ಲ. ತಿಂದೆ. ನನ್ನದಕ್ಕಿಂತ ಚೆನ್ನಾಗಿತ್ತು. ಆಮೇಲೆ ಬಾಗಿಲು ಹಾಕಿಕೊಂಡು ಅವಳು ಬರೆದ ಸಾಲುಗಳಲ್ಲಿ ತಪ್ಪು ಹುಡುಕಲು ಕುಳಿತೆ. ಬಹಳ ಹೊತ್ತಿನ ಮೇಲೆ ಒಂದು ಸಿಕ್ಕಿತು. ಖುಷಿಯಿಂದ ಸರಿಯಾಗಿ ನೋಡಿದರೆ ಅದು ನಾನು ಬರೆದ ಸಾಲು.

ಅವಳು ಮತ್ತೆ ಮತ್ತೆ ತಿದ್ದಿದಳು, ಪ್ರತಿ ಸಲವೂ ಸಿಡಿ ತಂದು ಕೊಟ್ಟಳು. ನಾನು ಪ್ರತಿಯೊಂದನ್ನೂ ಸಾಲುಸಾಲಾಗಿ ಓದಿ ಒಂದು ಶೂ ಡಬ್ಬದಲ್ಲಿ ತುಂಬಿಡುತ್ತಿದ್ದೆ, ಯಾವತ್ತಾದರೂ ದೊಡ್ಡ ತಪ್ಪೊಂದು ಸಿಗುತ್ತದೆಂಬ ಭರವಸೆಯಲ್ಲಿ. ಗೋವಾದವರು, ಕೇರಳದವರು ತಮ್ಮ ಹಬ್ಬಗಳಿಗೆ ಅವಳನ್ನೇ ಕರೆಯುತ್ತಿದ್ದರು. ಅಲ್ಲೆಲ್ಲ ಅವಳು "ಇದು ಗ್ಲಾಡಿಸಕ್ಕ ಮಾಡಿದ್ದು, ನಾನು ಸ್ವಲ್ಪ ತಿದ್ದಿದ್ದು" ಎನ್ನುತ್ತಿದ್ದಳಂತೆ. ಜನ ಅದನ್ನು ಅವಳ ವಿನಯವೆಂದು ತಿಳಿದು ಇನ್ನಷ್ಟು ಮೆಚ್ಚುತ್ತಿದ್ದರು.

ಹೀಗಿರುವಾಗ ಒಂದು ಸಂಜೆ ಸುಮಿತ್ರಾ ಮತ್ತೆ ಪತ್ರೊಡೆಯ ಡಬ್ಬಿ ಹಿಡಿದು ಬಂದಳು. ಸಿಡಿ ಇರಲಿಲ್ಲ. ಸೋಫಾದ ತುದಿಯಲ್ಲಿ ಕೂತಳು.

"ಅಕ್ಕ, ಒಂದು ಇವೆಂಟ್ ಕಂಪನಿಯವರು ಚೀಲ ಕೇಳ್ತಿದ್ದಾರೆ. ಗಲ್ಫ್ ಪೂರ್ತಿ ಬಾಡಿಗೆಗೆ ಕೊಡ್ತಾರಂತೆ. ನಂಗೆ ಕೆಲಸವೂ ಕೊಡ್ತಾರೆ, ಇಕಾಮಾ ಅವರೇ ಮಾಡ್ತಾರೆ."

"ಒಳ್ಳೇದಾಯ್ತಲ್ಲ."

"ಆದ್ರೆ ಕೋಡ್ ಮುಚ್ಚಬೇಕಂತೆ. ಯಾರಿಗೂ ತೋರ್ಸುವ ಹಾಗಿಲ್ಲ. ಅಡಿಪಾಯ ನಿಮ್ಮದಲ್ವಾ, ನೀವು ಒಪ್ಪದೆ ಮುಚ್ಚಲಿಕ್ಕೆ ಆಗುದಿಲ್ಲ."

ಇಕಾಮಾ ಇದ್ದರೆ ಇಲ್ಲಿ ಇರಬಹುದು, ಇಲ್ಲದಿದ್ದರೆ ಪೆಟ್ಟಿಗೆ ಕಟ್ಟಬೇಕು. ಅವಳ ಗಂಡನ ಕಂಪನಿ ಮುಚ್ಚುವ ಹಂತದಲ್ಲಿದೆಯೆಂಬುದು ಸಂಘದಲ್ಲಿ ಎಲ್ಲರಿಗೂ ಗೊತ್ತಿತ್ತು. ನಾನು ಚಹಾ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ ನಿಂತೆ. ನಿಜ ಹೇಳುತ್ತೇನೆ, ಮೊದಲು ಬಂದದ್ದು ಸಂತೋಷ. ಇಷ್ಟು ಕಾಲದ ಮೇಲೆ ಅವಳಿಗೆ ನನ್ನಿಂದ ಏನೋ ಬೇಕಾಗಿತ್ತು. ಸ್ವಾತಂತ್ರ್ಯದ ಹೆಸರಿನಲ್ಲಿ ಇಲ್ಲ ಎಂದರೆ ನನ್ನನ್ನು ಯಾರೂ ಹೊಟ್ಟೆಕಿಚ್ಚಿನವಳು ಎನ್ನುವಂತಿಲ್ಲ, ತತ್ವನಿಷ್ಠಳು ಎನ್ನಬೇಕು.

ಚಹಾ ಕೊಡುತ್ತ ಕೇಳಿದೆ. "ಅದರಲ್ಲಿ ನಿನ್ನ ಹೆಸರು ಇರ್ತದಾ?"

"ಇಲ್ಲ ಅಕ್ಕ, ಕಂಪನಿಯದ್ದು ಮಾತ್ರ. ನಿಮ್ಮದೂ ಇರುದಿಲ್ಲ. ನನ್ನ ಧ್ವನಿಯೂ ಬೇಡ, ಯಾರೋ ಆರ್ಟಿಸ್ಟ್ ಹತ್ರ ಮಾಡಿಸ್ತಾರಂತೆ."

ಈಗ ನನ್ನ ಕಷ್ಟ ನೋಡಿ. ಹೌದು ಎಂದರೆ ಅವಳ ಹೆಸರೂ ಧ್ವನಿಯೂ ಮಾಯ. ಇಲ್ಲ ಎಂದರೆ ಅವಳ ಕೆಲಸ ಮಾಯ. ಎರಡು ಉತ್ತರದಲ್ಲೂ ನನ್ನ ಹೊಟ್ಟೆಕಿಚ್ಚಿಗೆ ಹಬ್ಬ. ಅದು ಮುಟ್ಟದ ಮೂರನೆಯ ಉತ್ತರಕ್ಕಾಗಿ ಹುಡುಕಿದೆ, ಸಿಗಲಿಲ್ಲ. ಕೊನೆಗೆ ಅಜ್ಜಿಯ ಜಗಲಿಯಲ್ಲಿ ಹೇಗೋ ಹಾಗೆ ಹೇಳಿದೆ.

"ಆಗುದಿಲ್ಲ ಸುಮಿತ್ರಾ. ಮುಚ್ಚಿದ್ರೆ ನಾಳೆ ಸೆವ್ರಿನ್ ಬಾಯಿಗೆ ಯಾರು ತಿರುಗಿಸಿ ತೋರ್ಸುದು?"

ಈ ಮಾತಿನಲ್ಲಿ ತತ್ವ ಎಷ್ಟು, ಕಿಚ್ಚು ಎಷ್ಟು ಎಂದು ಬೇರ್ಪಡಿಸಲು ನನಗೆ ಇವತ್ತಿಗೂ ಬಂದಿಲ್ಲ. ಸುಮಿತ್ರಾ ಚಹಾ ಪೂರ್ತಿ ಕುಡಿದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

"ನಿಮಗೆ ತತ್ವ ಉಂಟು ಅಕ್ಕ. ನಂಗೆ ಇಕಾಮಾ ಬೇಕು" ಎಂದು ಎದ್ದಳು.

ಡಬ್ಬಿ ಖಾಲಿ ಮಾಡಿ ತೊಳೆದು ತಂದೆ. ಖಾಲಿ ಡಬ್ಬಿ ಹಿಂದೆ ಕೊಡಬಾರದೆಂದು ಸ್ವಲ್ಪ ಸಕ್ಕರೆ ತುಂಬಿಸಿ ಕೊಟ್ಟೆ.

ಅವಳು ಏನು ಮಾಡಿದಳು ಗೊತ್ತೆ? ಹೊಸದಾಗಿ ಬರೆದಳು. ನನ್ನ ಒಂದು ಸಾಲನ್ನೂ ಮುಟ್ಟದೆ, ತಾನೇ ಹಿಂದೆ ಬರೆದಿದ್ದನ್ನೂ ಮುಟ್ಟದೆ, ಮೊದಲಿನಿಂದ ಬೇರೆಯೇ ಒಂದು ಪ್ರೋಗ್ರಾಂ. ಕಂಪನಿ ಕೆಲಸ ಕೊಟ್ಟಿತು, ಇಕಾಮಾ ಬಂತು. ನಾನು ಇಲ್ಲವೆಂದದ್ದರಿಂದ ನಿಂತದ್ದು ಏನೂ ಇಲ್ಲ. ಅವಳು ನನಗಿಂತ ಮುಂದೆ ಹೋಗಲು ನನ್ನ ಚೀಲವೂ ಬೇಕಾಗಲಿಲ್ಲ ಎಂಬ ಸುದ್ದಿ ಕೇಳಿ ರಿಚರ್ಡ್ ನಾನು ಕೇಳದೆಯೇ ಎರಡು ಮಾತ್ರೆ ತಂದಿಟ್ಟ.

ಆ ವರ್ಷ ಸಂಘದ ವಾರ್ಷಿಕೋತ್ಸವಕ್ಕೆ ಆ ಕಂಪನಿಯೇ ಪ್ರಾಯೋಜಕ. ನಾನು ಹೋಗುವಾಗ ಅಜ್ಜಿಯ ಚೀಲವನ್ನು ವ್ಯಾನಿಟಿ ಬ್ಯಾಗಿನೊಳಗೆ ತುರುಕಿಕೊಂಡೆ. ಯಾಕೆಂದು ಕೇಳಬೇಡಿ. ಕಂಪನಿಯ ಯಂತ್ರ ಕೆಡಲಿ, ಕರೆಂಟು ಹೋಗಲಿ ಎಂದೆಲ್ಲ ದಾರಿಯಲ್ಲಿ ರೋಸರಿ ಹೇಳುವ ಶ್ರದ್ಧೆಯಿಂದ ಬೇಡಿಕೊಂಡಿದ್ದೆ. ಎರಡೂ ಆಗಲಿಲ್ಲ. ಪರದೆ ಝಗಮಗ ಎಂದಿತು, ಸಂಗೀತ ಬಂತು. ಮೊದಲ ಅಂಕಿ ಉರುಳಬೇಕು ಎನ್ನುವಾಗ ಮುಂದಿನ ಸಾಲಿನಿಂದ ಸೆವ್ರಿನ್ ಬಾಯಿ ಎದ್ದರು. ಆಗ ಅವರಿಗೆ ಮೊಣಕಾಲು ನೋವು, ಏಳುವುದೇ ಒಂದು ಕಾರ್ಯಕ್ರಮ.

"ಚೀಲ ತಿರುಗಿಸಿ ತೋರ್ಸಿ."

ಕಂಪನಿಯ ಮ್ಯಾನೇಜರ್ ಮೈಕಿನಲ್ಲಿ ನಗುತ್ತ, "ಆಂಟೀಜೀ, ಯೇ ಕಂಪನಿ ಕಾ ಸಾಫ್ಟ್‌ವೇರ್ ಹೈ. ಅಂದರ್ ಕಾ ದಿಖಾ ನಹೀ ಸಕ್ತೇ" ಎಂದ, ಕಂಪನಿಯದಾದ್ದರಿಂದ ಒಳಗಿನದನ್ನು ತೋರಿಸಲಾಗದೆಂದು.

ಸೆವ್ರಿನ್ ಬಾಯಿ ಕೂತು ಟಿಕೆಟನ್ನು ಕವುಚಿದರು. ಅವರ ಪಕ್ಕದವರು ಕವುಚಿದರು. ಹಿಂದಿನ ಮೇಜಿನವರು ಯಾಕೆಂದು ಕೇಳಿ, ಉತ್ತರಕ್ಕೆ ಕಾಯದೆ ತಾವೂ ಕವುಚಿದರು. ಬಹುಮಾನ ಆ ವರ್ಷ ಫ್ರಿಜ್ ಆಗಿತ್ತು, ಫ್ರಿಜ್ ಇರುವಾಗ ಅನುಮಾನ ಸಣ್ಣದಿರುವುದಿಲ್ಲ. ಮ್ಯಾನೇಜರ್ ಸುಮಿತ್ರಾಳ ಕಡೆ ತಿರುಗಿದ. ಅವಳು ಪರದೆಯ ಪಕ್ಕದಲ್ಲಿ ಕಂಪನಿಯ ಕೋಟು ತೊಟ್ಟು ನಿಂತಿದ್ದಳು. ಮೊದಲ ಕಾರ್ಯಕ್ರಮ, ಕೆಟ್ಟರೆ ಕೆಲಸದ ಗತಿ ಏನೋ. ಅವಳು ಸಭೆಯಲ್ಲಿ ಹುಡುಕಿ ಹುಡುಕಿ ನನ್ನನ್ನು ನೋಡಿದಳು.

ನಾನು ಕಾದಿದ್ದ ಗಳಿಗೆ ಇದೇ. ಸುಮ್ಮನೆ ಕೂತು ಸವಿಯಬಹುದಿತ್ತು, ಸ್ವಲ್ಪ ಹೊತ್ತು ಸವಿದೆ ಕೂಡ. ಆದರೆ ವ್ಯಾನಿಟಿ ಬ್ಯಾಗಿನಲ್ಲಿ ಚೀಲ ಇಟ್ಟುಕೊಂಡು ಸುಮ್ಮನೆ ಕೂರುವ ಶಕ್ತಿ ನನ್ನ ಅಹಂಕಾರಕ್ಕೆ ಇರಲಿಲ್ಲ. ಎದ್ದು ವೇದಿಕೆ ಹತ್ತಿದೆ. ಬಿಲ್ಲೆಗಳನ್ನು ಮೇಜಿನ ಮೇಲೆ ಸುರಿದೆ, ಚೀಲವನ್ನು ಒಳಮೈ ಹೊರಗೆ ಮಾಡಿ ಝಾಡಿಸಿದೆ. ಸೆವ್ರಿನ್ ಬಾಯಿಯನ್ನು ಇಬ್ಬರು ಹಿಡಿದುಕೊಂಡು ಬಂದರು, ಅವರೇ ಬಿಲ್ಲೆ ತುಂಬಿಸಿದರು. ಟಿಕೆಟ್‌ಗಳು ಮೇಲ್ಮುಖವಾದವು. ನಾನು ಮೈಕಿನ ಮುಂದೆ ನಿಂತು ಮೊದಲ ಅಂಕಿ ತೆಗೆದು ಕೂಗಿದೆ. ಎರಡನೆಯದನ್ನು ಕೂಗುವಷ್ಟರಲ್ಲಿ ಹಿಂದಿನಿಂದ ಯಾರೋ, "ಸುಮಿತ್ರಕ್ಕ ಹೇಳ್ಲಿ ಮಾರಾಯ್ರೆ, ಇವರು ಸ್ಟಾಕ್ ಓದಿದ ಹಾಗೆ ಓದ್ತಾರೆ" ಎಂದರು. ಸಭೆಯೆಲ್ಲ ಹೌದು ಹೌದು ಎಂದಿತು.

ಹಾಗೆ ಬಿಲ್ಲೆ ತೆಗೆಯುವುದು ನಾನು, ಕೂಗುವುದು ಅವಳು ಎಂದಾಯಿತು. ಚೀಲ ನನ್ನದು, ಚಪ್ಪಾಳೆ ಅವಳದು. ನಡುವೆ ಒಮ್ಮೆ ನಾನು ಕೊಟ್ಟದ್ದನ್ನು ನೋಡಿ ಅವಳು ತಡೆದಳು. ಅಂಗೈಯಲ್ಲಿ ಕಪ್ಪು ಗುಂಡಿ. "ನಲವತ್ತೇಳು" ಎಂದು ಅವಳ ಕಿವಿಯಲ್ಲಿ ಹೇಳಿದೆ. ಅವಳು ಗುಂಡಿಯನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ, "ಗ್ಲಾಡಿಸಕ್ಕನ ಅಜ್ಜನ ಕೋಟಿನ ಗುಂಡಿ, ನಲವತ್ತೇಳು" ಎಂದಳು. ಹಾಲ್ ನಕ್ಕು ನಕ್ಕು ಸುಸ್ತಾಯಿತು. ಅದೇ ಅಂಕಿಗೆ ಸೆವ್ರಿನ್ ಬಾಯಿಗೆ ಫ್ರಿಜ್ ಬಂತು. ಬಿಲ್ಲೆ ತುಂಬಿಸಿದವರೇ ಗೆದ್ದರಲ್ಲ ಎಂದು ಜನ ವರ್ಷವಿಡೀ ಅವರ ಮೇಲೆ ಅನುಮಾನಪಟ್ಟರು.

ಸುಮಿತ್ರಾಳ ಕೆಲಸ ಉಳಿಯಿತು. ಮುಚ್ಚಿದ ಪ್ರೋಗ್ರಾಂ ನಮ್ಮ ಸಂಘಕ್ಕೆ ಮತ್ತೆ ಬರಲಿಲ್ಲ, ಬೇರೆ ಊರುಗಳಲ್ಲಿ ಬಹಳ ನಡೆಯಿತು. ನನ್ನ 'ಚೀಲ'ವನ್ನು ಇಂಟರ್ನೆಟ್ಟಿಗೆ ಹಾಕಿದೆ, ಅವಳ ತಿದ್ದುಪಡಿಗಳನ್ನು ಬಿಟ್ಟು ನನ್ನದಷ್ಟನ್ನೇ. ಅಪರೂಪಕ್ಕೆ ಎಲ್ಲಿಂದಲೋ ಯಾರೋ ಇಳಿಸಿಕೊಳ್ಳುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಸುಮಿತ್ರಾ ವಿದಾಯ ಹೇಳಲು ಬಂದಳು. ಅವಳ ಇವೆಂಟ್ ಕಂಪನಿ ಮುಚ್ಚಿತ್ತು, ಅವಳು ಗಂಡನೊಂದಿಗೆ ಮಸ್ಕತ್ತಿಗೆ ಹೊರಟಿದ್ದಳು. ತಲೆಯಲ್ಲಿ ಬಿಳಿ ಕೂದಲು, ಕೈಯಲ್ಲಿ ಅದೇ ಪತ್ರೊಡೆಯ ಡಬ್ಬಿ.

"ಇಷ್ಟು ವರ್ಷ ಬರೆದದ್ದರ ಒಂದು ಸಾಲೂ ನನ್ನ ಹತ್ರ ಇಲ್ಲ ಅಕ್ಕ. ಎಲ್ಲ ಕಂಪನಿಯದ್ದಲ್ವಾ. ಕಂಪ್ಯೂಟರ್‌ಗಳನ್ನು ಅಳಿಸಿ ಮಾರಿದ್ರು, ಖಲಾಸ್. ಮೊದಲಿನ ಚೀಲ ಆದ್ರೂ ಇದ್ದಿದ್ರೆ ಅನ್ನಿಸ್ತದೆ. ಅದು ಇದ್ದ ಮನೆಯ ಕಂಪ್ಯೂಟರ್ ಯಾವತ್ತೋ ಹಾಳಾಯ್ತು."

ನಾನು ಒಳಗೆ ಹೋಗಿ ಶೂ ಡಬ್ಬ ತಂದು ಅವಳ ಮುಂದೆ ಇಟ್ಟೆ. ಅವಳು ಕೊಟ್ಟ ಒಂದೊಂದು ಸಿಡಿಯೂ ಅದರಲ್ಲಿತ್ತು, ಗೀರು ಬೀಳದ ಹಾಗೆ ಕಾಗದ ಸುತ್ತಿ ಇಟ್ಟಿದ್ದೆ. ಪ್ರೀತಿಯವರು ಕೊಟ್ಟ ಉಡುಗೊರೆಗಳನ್ನು ನಾನು ಎಲ್ಲೆಲ್ಲೋ ಕಳೆದುಕೊಂಡಿದ್ದೇನೆ. ಹೊಟ್ಟೆಕಿಚ್ಚು ಮಾತ್ರ ಒಂದನ್ನೂ ಕಳೆದಿರಲಿಲ್ಲ.

"ಇಷ್ಟು ಜೋಪಾನ ಯಾಕೆ ಇಟ್ರಿ ಅಕ್ಕ?"

"ತಪ್ಪು ಹುಡುಕ್ಲಿಕ್ಕೆ."

ತಮಾಷೆಯೆಂದು ಅವಳು ನಕ್ಕಳು. ಮೊದಲ ಸಿಡಿ ಹಾಕಿದೆವು. ಅವಳ ಎಳೆಯ ಧ್ವನಿ ಒಂದೊಂದೇ ಅಂಕಿ ಹೇಳುತ್ತ ಹೋಯಿತು. ಅರುವತ್ತಮೂರು ಎಂದಿತು, ಹಿಂದಿನಿಂದ ಮಗು ಅತ್ತಿತು. ಸುಮಿತ್ರಾ ಬಾಯಿಗೆ ಸೆರಗು ಒತ್ತಿಕೊಂಡಳು. "ಮತ್ತೊಮ್ಮೆ ಹಾಕಿ ಅಕ್ಕ" ಎಂದಳು. ಹಾಕಿದೆ. ಆ ಮಗು ಈಗ ಊರಿನಲ್ಲಿ ಕಾಲೇಜಿಗೆ ಹೋಗುತ್ತಾನೆ, ಫೋನ್ ಮಾಡಿದರೆ ಬಿಝಿ ಎನ್ನುತ್ತಾನೆ. ನಾವು ಅದೊಂದೇ ಅಂಕಿಯನ್ನು ಎಷ್ಟೋ ಸಲ ಕೇಳಿದೆವು. ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ತುಂಬಿಸಿ, ತೊಳೆದ ಪತ್ರೊಡೆಯ ಡಬ್ಬಿಯಲ್ಲಿಟ್ಟು ಕೊಟ್ಟೆ.

ಅವಳು ಹೋದ ಮೇಲೆ ನನ್ನ ಹಳೆಯ 'ಚೀಲ'ವನ್ನು ತೆರೆದು ಕೂತೆ. ಶುಕ್ರವಾರಗಳ ಕೆಲಸ, ಎಲ್ಲ ಸಾಲೂ ಅಚ್ಚುಕಟ್ಟು. ಎಲ್ಲಿಯೂ ಒಂದು ಸದ್ದಿಲ್ಲ. ಅದನ್ನು ಬರೆಯುವಾಗ ನನ್ನ ಮೊಣಕಾಲು ಹಿಡಿದು ಅನಿಶಾ ಏನು ಹೇಳಲು ಬರುತ್ತಿದ್ದಳೋ ನನಗೆ ತಿಳಿಯದು. ಸುಮಿತ್ರಾಳ ಮೇಲೆ ಜೀವಮಾನದಲ್ಲೇ ಅಷ್ಟು ಹೊಟ್ಟೆ ಉರಿದದ್ದು ಅವತ್ತು.

ಅದಕ್ಕೇ ಈ ದಿನ ಕಂಬಳಿಗಳನ್ನು ಹಾಗೆಯೇ ಬಿಟ್ಟು, ಚೀಲದಿಂದ ಕೋಟಿನ ಗುಂಡಿಯನ್ನು ಹುಡುಕಿ ತೆಗೆದು ಮುಂದಿಟ್ಟುಕೊಂಡು, ಓದಲು ದೂರ ಹೋಗಿರುವ ಅನಿಶಾಳಿಗೆ ಫೋನ್ ಮಾಡಿದೆ. ನಲವತ್ತೇಳು ಎಂದು ಕನ್ನಡದಲ್ಲಿ ಹೇಳಿ ರೆಕಾರ್ಡ್ ಮಾಡಿ ಕಳಿಸು ಎಂದೆ.

"ವಾಟ್ ಫಾರ್, ಮಮ್ಮಿ?"

"ಸುಮ್ಮನೆ ಹೇಳು ಪುತಾ. ಎಷ್ಟು ಬೇಕಾದ್ರೂ ಮಾತಾಡು."

ಸ್ವಲ್ಪ ಹೊತ್ತಿಗೆ ಬಂತು. "ನಲ್ವತ್... ವೇಟ್, ವೇಟ್... ನಲವತ್ತೇಳು. ಓಕೆ ಮಮ್ಮಿ?" ಹಿಂದಿನಿಂದ ಎಲ್ಲೋ ಬಸ್ಸು ಹೋಗುವ ಸದ್ದು, ಅವಳ ನಗು. ಏನನ್ನೂ ಕತ್ತರಿಸಲಿಲ್ಲ. ಸುಮಿತ್ರಾಳ ಎಂಬತ್ತೊಂಬತ್ತು ಅಂಕಿಗಳನ್ನು ಕೊನೆಗೂ ನನ್ನ 'ಚೀಲ'ಕ್ಕೆ ಸೇರಿಸಿದೆ, ನಲವತ್ತೇಳರ ಜಾಗಕ್ಕೆ ಮಗಳನ್ನು ಹಾಕಿದೆ. ನನ್ನ ಹೆಸರಿನ ಕೆಳಗೆ ಸುಮಿತ್ರಾಳ ಹೆಸರು ಬರೆದೆ. ಅಕ್ಷರ ಒಂಚೂರು ಸಣ್ಣದು ಮಾಡಿ ನೋಡಿದೆ, ಮತ್ತೆ ಸಮ ಮಾಡಿದೆ.

ತಿದ್ದಿದ್ದನ್ನು ಮುಚ್ಚಿಡುವಂತಿಲ್ಲವಷ್ಟೆ. ಮಸ್ಕತ್ತಿಗೆ ಕಳಿಸಿದ್ದೇನೆ. ನಲವತ್ತೇಳು ಬಂದಾಗ ಸುಮಿತ್ರಾ ಮತ್ತೊಮ್ಮೆ ಹಾಕಿ ಕೇಳಲಿ, ಅವಳಿಗೂ ಸ್ವಲ್ಪ ಹೊಟ್ಟೆ ಉರಿಯಲಿ.